ನಮ್ಮೂರಿನ ಶೆಗಣಿ ಒಯ್ದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರುಳಿನ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡುವ ನಾಡಿನ ಎಲ್ಲ ವಿಜ್ಞಾನಿಗಳು, ಪಶುವೈದ್ಯ ಮತ್ತು ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರು, ಹಾಗೂ ಆರೋಗ್ಯ ಮತ್ತು ಪಶುಪಾಲನಾ ಇಲಾಖೆಗಳ ಹಿರಿಯ ಅಧಿಕಾರಿಗಳಿಗೆ.

ಮಾನ್ಯರೇ,

ನಾನು ಶಿರಸಿ ತಾಲೂಕಿನ ಘಟ್ಟದಂಚಿನ ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಮನೆಯಲ್ಲಿ ಮೂರು ದನ ಇವೆ. ಬೆಳಿಗ್ಗೆ ಕೊಟ್ಟಿಗೆ ಬಾಚಿ, ಹಾಲು ಕರೆದು, ಕೈಕಾಲು ತೊಳೆದು ಗುಲಾಬಿ ಸೀರೆ ಉಟ್ಟು ಹೊರಟರೆ ನಾನು ಆರೋಗ್ಯ ಇಲಾಖೆಯವಳು. ಸಂಜೆ ಬಂದು ದನದ ಹಗ್ಗ ಹಿಡಿದರೆ ಪಶುಪಾಲನಾ ಇಲಾಖೆಯ ಪಟ್ಟಿಯಲ್ಲಿ ಒಬ್ಬ ಫಲಾನುಭವಿ. ಎರಡೂ ಇಲಾಖೆಗಳು ನನ್ನ ಮನೆಯಂಗಳದಲ್ಲಿ ದಿನಾ ಭೇಟಿಯಾಗುತ್ತವೆ. ಬೇರೆಲ್ಲಾದರೂ ಭೇಟಿಯಾಗುತ್ತವೋ ಇಲ್ಲವೋ ನಾ ಕಾಣೆ.

ಎರಡು ವರ್ಷದ ಮೇಲಾಯಿತು. ಸಂಕ್ರಾಂತಿ ಕಳೆದ ವಾರ ನಮ್ಮೂರಿಗೆ ಒಂದು ಜೀಪು ಬಂತು. ನಾಲ್ಕು ಜನ, ಒಂದು ಐಸ್ ಪೆಟ್ಟಿಗೆ, ಒಂದು ಚೀಲ ತುಂಬಾ ಮುಚ್ಚಳದ ಸಣ್ಣ ಸಣ್ಣ ಡಬ್ಬಿ. ಎಲ್ಲಿಯವರು ಅಂತ ಇಲ್ಲಿ ಬರೆಯುವುದಿಲ್ಲ. ಅವರನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ, ಅಂಥವರು ಎಷ್ಟೋ ಊರಿಗೆ ಹೋಗಿರುತ್ತಾರೆ. ದನಗಳಿಗೂ ಜನರಿಗೂ ಬರುವ ಭೇದಿ ಒಂದೇ ಕ್ರಿಮಿಯಿಂದ ಬರುತ್ತದಾ ಅಂತ ನೋಡುತ್ತೇವೆ, ದನದ ಶೆಗಣಿ, ಚಿಕ್ಕ ಮಕ್ಕಳ ಮಲ, ಕುಡಿಯುವ ನೀರು ಮೂರೂ ಬೇಕು ಎಂದರು. ಮನೆ ಮನೆಗೆ ಕರೆದುಕೊಂಡು ಹೋದವಳು ನಾನು. ಶೆಗಣಿ ಕೇಳಿದರೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಮಗುವಿನದು ಕೇಳಿದಾಗ ಮಾತ್ರ ಜನ ಮುಖ ಮುಖ ನೋಡಿಕೊಂಡರು. "ಎಂತಕ್ಕೆ ತಂಗೀ, ಮಾಟಕ್ಕಾ?" ಅಂತ ಒಬ್ಬ ಅಜ್ಜಿ ಕೇಳಿಯೇಬಿಟ್ಟರು. ಅವರನ್ನು ಒಪ್ಪಿಸುವುದರೊಳಗೆ ನನಗೆ ಸಾಕುಬೇಕಾಯಿತು. 14 ಮನೆಯವರು ಕೊಟ್ಟರು. ಎಲ್ಲರಿಂದಲೂ ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಆಯಿತು.

ಅದೇ ವಾರ ನಮ್ಮ ಗೌರಿ ಕರು ಹಾಕಿದ್ದಳು. ಮಧ್ಯಾಹ್ನ ದಣಿದು ಬಂದವರಿಗೆ ಗಿಣ್ಣು ಕೊಟ್ಟೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು. ನಾಲ್ವರೂ ಎರಡೆರಡು ಸಲ ಹಾಕಿಸಿಕೊಂಡರು. "ರಿಸಲ್ಟ್ ಬಂದ ಕೂಡಲೇ ನಿಮಗೇ ಮೊದಲು ಹೇಳ್ತೇವೆ ಅಕ್ಕಾ" ಎಂದು ನನ್ನ ಫೋನ್ ನಂಬರ್ ಬರೆದುಕೊಂಡು ಹೋದರು.

ನನ್ನ ನಂಬರ್ ಇವತ್ತಿಗೂ ಅದೇ ಇದೆ.

ಊರವರು ಮೊದಲ ಆರು ತಿಂಗಳು ಕೇಳುತ್ತಿದ್ದರು, "ನಮ್ಮನೆ ಶೆಗಣಿ ಎಂತ ಹೇಳ್ತಂತೆ ಅಕ್ಕಾ?" ಆಮೇಲೆ ಅದು ತಮಾಷೆಯಾಯಿತು. ಈಗ ನಾನು ಜ್ವರದ ರಕ್ತ ಪರೀಕ್ಷೆಗೆ ಹೋದರೂ, "ಇದನ್ನೂ ಹಂಗೇ ಒಯ್ತ್ರಾ?" ಅನ್ನುತ್ತಾರೆ. ನಗುತ್ತಾ ಅನ್ನುತ್ತಾರೆ, ಆದರೆ ಕೈ ಚಾಚುವುದಿಲ್ಲ. ಈ ನಷ್ಟ ನಿಮ್ಮ ಯಾವ ಲೆಕ್ಕದಲ್ಲೂ ಬರುವುದಿಲ್ಲ ಅಂತ ನನಗೆ ಗೊತ್ತು. ನನ್ನ ಲೆಕ್ಕದಲ್ಲಿ ಬರುತ್ತದೆ.

ಹೋದ ವರ್ಷ ಆಷಾಢದಲ್ಲಿ ಗೌರಿ ಮತ್ತೆ ಕರು ಹಾಕಿದಳು. ಹೆಣ್ಣುಗರು, ಹಣೆಯ ಮೇಲೆ ಬಿಳಿ ಚುಕ್ಕೆ. ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು ಅನ್ನುವುದು ನಮ್ಮ ಮನೆಯ ಹಳೆಯ ರೂಢಿ. ಮಾಸು ಬೀಳಲು ಎಂಟು ತಾಸಾಯಿತು. ಅಷ್ಟರಲ್ಲಿ ಕೆಚ್ಚಲು ಬಿಗಿದಿದೆ ಅಂತ ಒಂದು ಚೊಂಬು ಗಿಣ್ಣುಹಾಲು ಕರೆದಾಗಿತ್ತು. ಎರಡು ಮನೆಗೆ ಹಂಚಿದ್ದೂ ಆಯಿತು. ಕರುವಿಗೆ ಸಿಕ್ಕಿದ್ದು ಉಳಿದದ್ದು.

ಆರನೆಯ ದಿನ ಬೆಳಿಗ್ಗೆ ನೋಡಿದರೆ ಬಾಲ, ಹಿಂಗಾಲು ಎಲ್ಲ ಹಳದಿ ನೀರು. ಹುಳಿ ವಾಸನೆ. ಮಧ್ಯಾಹ್ನದೊಳಗೆ ಕಣ್ಣು ಗುಳಿ ಬಿತ್ತು. ಮಕ್ಕಳಿಗೆ ಭೇದಿಯಾದಾಗ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು ಬಿಟ್ಟು ನೋಡಬೇಕು, ನಿಧಾನಕ್ಕೆ ಹಿಂದೆ ಹೋದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ. ಇದು ನನ್ನ ತರಬೇತಿಯಲ್ಲಿ ಕಲಿತದ್ದು. ಕರುವಿನ ಕುತ್ತಿಗೆಯ ಚರ್ಮ ಹಾಗೇ ಹಿಡಿದು ಬಿಟ್ಟೆ. ಮಡಿಕೆ ಹಾಗೇ ನಿಂತಿತು. ಬಾಯೊಳಗೆ ಬೆರಳಿಟ್ಟರೆ ಚೀಪಲಿಲ್ಲ. ಬಾಯಿ ತಣ್ಣಗಿತ್ತು.

ದನದ ಡಾಕ್ಟರಿಗೆ ಫೋನ್ ಮಾಡಿದೆ. ಮಳೆಗೆ ಮರ ಬಿದ್ದು ದಾರಿ ಬಂದಾಗಿತ್ತು, ಮರುದಿನ ಬೆಳಿಗ್ಗೆ ಬರುತ್ತೇನೆ ಎಂದರು. ಅವರ ಮೇಲೆ ನನ್ನ ದೂರಿಲ್ಲ. ಓಆರ್‌ಎಸ್ ಕಲಸಿ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಕುಡಿಸಿದೆ. ಸರ್ಕಾರದ ಪ್ಯಾಕೆಟ್ ಅಲ್ಲ, ಪೇಟೆಯ ಮೆಡಿಕಲ್‌ನಲ್ಲಿ ದುಡ್ಡು ಕೊಟ್ಟು ತಂದು ಮನೆಯಲ್ಲಿಟ್ಟದ್ದು. ಮೇಲಿನವರು ದಯವಿಟ್ಟು ನನ್ನ ಸ್ಟಾಕ್ ಪುಸ್ತಕ ಕೇಳಬೇಡಿ. ಅದೇ ಮೆಡಿಕಲ್‌ನವರು ಕೊಟ್ಟ ಆಂಟಿಬಯೋಟಿಕ್ ಗುಳಿಗೆಯನ್ನೂ ಅರೆದು ಹಾಕಿದೆ. ಡಾಕ್ಟರು ಬಂದು ಸಲೈನ್ ಏರಿಸಿದರು. "ಯಾವ ಕ್ರಿಮಿ ಸರ್?" ಅಂತ ಕೇಳಿದೆ. "ಹೆಂಗೆ ಹೇಳೋದಮ್ಮಾ, ಕಳಿಸಿದರೆ ವರದಿ ಬರೋದರೊಳಗೆ ಕರು ಬದುಕಿರತ್ತೆ ಇಲ್ಲಾ ಸತ್ತಿರತ್ತೆ" ಎಂದರು. ಮೂರನೆಯ ದಿನ ಬೆಳಗಿನ ಜಾವ ಅದು ನನ್ನ ತೊಡೆಯ ಮೇಲೇ ಸತ್ತಿತು. ಹುಟ್ಟಿದ ದಿನ ಎತ್ತಿಕೊಂಡದ್ದಕ್ಕಿಂತ ಹಗುರವಾಗಿತ್ತು.

ಅದೇ ವಾರ ನಮ್ಮ ಕೇರಿಯಲ್ಲಿ ಮೂರು ಮಕ್ಕಳಿಗೆ ಹೊಟ್ಟೆ ಹೋಗುತ್ತಿತ್ತು. ಚಿಕ್ಕದಕ್ಕೆ 14 ತಿಂಗಳು. ಓಆರ್‌ಎಸ್ ಕೊಟ್ಟೆ, ಜಿಂಕ್ ಮಾತ್ರೆ 14 ದಿನಕ್ಕೆ ಎಣಿಸಿ ಕೊಟ್ಟೆ. ಒಂದು ಮಗುವನ್ನು ಎರಡು ದಿನ ಶಿರಸಿಯ ಆಸ್ಪತ್ರೆಯಲ್ಲಿಡಬೇಕಾಯಿತು. ಮೂರೂ ಉಳಿದವು. ನಾನು ತಿಂಗಳ ವರದಿಯಲ್ಲಿ 'ಭೇದಿ: 3' ಅಂತ ಬರೆದೆ. ಕರುವನ್ನು ಬರೆಯಲು ಅದರಲ್ಲಿ ಕಾಲಮ್ ಇಲ್ಲ.

ಆ ಮಕ್ಕಳ ಮೂರು ಮನೆ, ನಮ್ಮದೊಂದು, ನಾಲ್ಕಕ್ಕೂ ಒಂದೇ ಅಬ್ಬಿಯ ನೀರು. ಮೇಲಿನ ಹಳ್ಳದಿಂದ ಕಪ್ಪು ಪೈಪಿನಲ್ಲಿ ಬರುತ್ತದೆ. ಅಬ್ಬಿಯ ಮೇಲ್ಗಡೆ ಒಂದು ಗೊಬ್ಬರಗುಂಡಿ ಇದೆ. ಕರುವಿನದೂ ಮಕ್ಕಳದೂ ಒಂದೇ ಕಾಯಿಲೆ ಅಂತ ನಾನು ಹೇಳುತ್ತಿಲ್ಲ, ಹೇಳಲು ಬರುವುದೂ ಇಲ್ಲ. ಅದನ್ನು ಹೇಳಬಹುದಾದವರು ನೀವು. ಎರಡು ವರ್ಷದ ಹಿಂದೆ ಇದೇ ಅಬ್ಬಿಯ ನೀರನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದವರೂ ನೀವೇ.

ಆಮೇಲೆ ನನಗೆ ಇದರದ್ದೇ ಗುಂಗು ಹಿಡಿಯಿತು. ತಂಗಿಯ ಮಗ ಪಶುವೈದ್ಯ ಓದುತ್ತಿದ್ದಾನೆ. ರಜೆಗೆ ಬಂದಾಗೆಲ್ಲ ಕೂರಿಸಿಕೊಂಡು ಕೇಳಿದೆ, ಅವನ ಪುಸ್ತಕ ಓದಿಸಿ ಕನ್ನಡದಲ್ಲಿ ಹೇಳಿಸಿಕೊಂಡೆ. ಗೊತ್ತಾಗುತ್ತಾ ಹೋದಂತೆ ದುಃಖಕ್ಕಿಂತ ಸಿಟ್ಟೇ ಜಾಸ್ತಿಯಾಯಿತು.

ಮೊದಲು ಗಿಣ್ಣಿನ ವಿಷಯ. ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ಸ್ವಲ್ಪ ಬಂದಿರುತ್ತದಂತೆ. ಕರುವಿಗೆ ಹಾಗೆ ಬರುವುದಿಲ್ಲ. ಹಸುವಿನ ಮಾಸು ಅದನ್ನು ದಾಟಿಸುವುದಿಲ್ಲ. ಕರುವಿಗೆ ಸಿಗುವುದೆಲ್ಲ ಗಿಣ್ಣುಹಾಲಿನಿಂದಲೇ. ಆ ಹಾಲಿನ ರಕ್ಷಣೆಯ ಕಣಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳಲು ಕರುವಿನ ಕರುಳು ಹುಟ್ಟಿದಾಗ ಬಾಗಿಲು ತೆರೆದುಕೊಂಡಿರುತ್ತದೆ. ತಾಸು ತಾಸಿಗೆ ಅದು ಮುಚ್ಚುತ್ತಾ ಬಂದು ಒಂದು ದಿನದೊಳಗೆ ಪೂರ್ತಿ ಮುಚ್ಚುತ್ತದೆ. ಮೊದಲ ಆರು ತಾಸು ಎಲ್ಲಕ್ಕಿಂತ ಮುಖ್ಯ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಕುಡಿಸಬೇಕು, 20 ಕಿಲೋ ಇದ್ದರೆ ಎರಡು ಲೀಟರ್. ನಾನು ಎಂಟು ತಾಸು ಕಾದೆ, ಮಾಸು ಬೀಳಲಿ ಅಂತ.

ಹುಟ್ಟಿದ ಒಂದು ತಾಸಿನೊಳಗೆ ಮಗುವಿಗೆ ಎದೆಹಾಲು ಕೊಡಿಸಬೇಕು ಅಂತ ಹನ್ನೆರಡು ವರ್ಷದಿಂದ ಮನೆ ಮನೆಗೆ ಹೇಳುತ್ತಾ ಬಂದವಳು ನಾನು. ಅತ್ತೆಯಂದಿರ ಜೊತೆ ಜಗಳ ಮಾಡಿದ್ದೇನೆ. ಮನೆಗೆ ಬಂದು ಅದೇ ತಪ್ಪು ಕೊಟ್ಟಿಗೆಯಲ್ಲಿ ಮಾಡಿದೆ. ಯಾಕೆಂದರೆ ನನಗೆ ತರಬೇತಿ ಕೊಟ್ಟವರು ಕರುವಿನ ಸುದ್ದಿ ಎತ್ತಲಿಲ್ಲ, ದನದ ಶಿಬಿರಕ್ಕೆ ಬಂದವರು ಲಸಿಕೆ ಹಾಕಿ ಹೊರಟುಹೋದರು. ಆ ನಾಲ್ವರು ನನ್ನ ಅಡುಗೆಮನೆಯಲ್ಲಿ ಕೂತು ಗಿಣ್ಣು ತಿಂದರು. ಕರುಳಿನ ವಿಜ್ಞಾನಿಗಳು! "ಕರುವಿಗೆ ಎಷ್ಟು ಬಿಟ್ಟಿರಿ ಅಕ್ಕಾ?" ಅಂತ ಒಬ್ಬರಾದರೂ ಕೇಳಬಹುದಿತ್ತು, ಅಲ್ವಾ? ಆ ಒಂದು ಮಾತು ಸಾಕಿತ್ತು. ಅದಕ್ಕೆ ಐಸ್ ಪೆಟ್ಟಿಗೆ ಬೇಕಿರಲಿಲ್ಲ.

ಇನ್ನು ಓಆರ್‌ಎಸ್. ನಾನು ದಿನಾ ಹಂಚುವ ಪ್ಯಾಕೆಟ್ಟಿನ ಕತೆಯೇ ನನಗೆ ಗೊತ್ತಿರಲಿಲ್ಲ. 1950ರ ದಶಕದಲ್ಲಿ ಕಲ್ಕತ್ತೆಯ ಶಂಭುನಾಥ್ ಡೇ ಎಂಬ ಡಾಕ್ಟರು ಮೊಲದ ಕರುಳಿನ ಒಂದು ತುಂಡಿಗೆ ಎರಡೂ ಕಡೆ ದಾರ ಕಟ್ಟಿ ಒಳಗೆ ಕಾಲರಾ ಕ್ರಿಮಿ ಬಿಟ್ಟು ನೋಡಿದರು. ತುಂಡು ನೀರು ತುಂಬಿ ಉಬ್ಬಿತು. ಕ್ರಿಮಿಯನ್ನೆಲ್ಲ ಸೋಸಿ ತೆಗೆದು ಬರೀ ತಿಳಿಯನ್ನು ಬಿಟ್ಟರೂ ಹಾಗೇ ಉಬ್ಬಿತು. ಅಂದರೆ ಕ್ರಿಮಿ ಬಿಡುವ ವಿಷವೇ ಕರುಳಿನಿಂದ ನೀರು ಹೊರಡಿಸುವುದು ಅಂತ 1959ರಲ್ಲಿ ತೋರಿಸಿದರು. ಮೊಲದ ಕರುಳಿನಲ್ಲಿ ಕಂಡದ್ದು ಮನುಷ್ಯರಿಗೆ ದಾರಿಯಾಯಿತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಾಯುತ್ತಿದ್ದಾಗ ಸಲೈನ್ ಮುಗಿದುಹೋಯಿತು. ದಿಲೀಪ್ ಮಹಲನಬೀಸ್ ಎಂಬ ಡಾಕ್ಟರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ನೀರಿನಲ್ಲಿ ಕಲಸಿ ಡ್ರಮ್ಮಿನಲ್ಲಿಟ್ಟು ಕುಡಿಸಲು ಶುರು ಮಾಡಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ಹೆಚ್ಚಿನವರು ನರ್ಸುಗಳಲ್ಲ, ರೋಗಿಗಳ ಮನೆಯವರೇ. ಸಕ್ಕರೆಯ ಜೊತೆ ಸೇರಿದರೆ ಉಪ್ಪು ಕರುಳಿನ ಗೋಡೆ ದಾಟಿ ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿಯಲ್ಲೂ ಈ ದಾರಿ ಮುಚ್ಚಿರುವುದಿಲ್ಲ. ಕರುವಿನಲ್ಲೂ ಅದೇ ದಾರಿ. ಕರುವಿಗೆ ಹಾಲು ನಿಲ್ಲಿಸಬಾರದು, ನಡುನಡುವೆ ಈ ನೀರು ಕೊಡಬೇಕು. ಮಗುವಿಗೂ ಅಷ್ಟೇ. ನನಗೆ ಮಗುವಿನದು ಗೊತ್ತಿತ್ತು. ಕರುವಿಗೆ ಮಾತ್ರ ಊರವರ ಮಾತು ಕೇಳಿ ಹಾಲು ನಿಲ್ಲಿಸಿದ್ದೆ.

ಕೇಳಿ ಬಾಯಿ ತೆರೆದುಕೊಂಡು ಕೂತದ್ದು ರೋಟಾವೈರಸ್ ವಿಷಯಕ್ಕೆ. ಕರುಗಳ ಭೇದಿಯಲ್ಲಿ ಈ ವೈರಸ್ಸನ್ನು ಅಮೆರಿಕದಲ್ಲಿ 1969ರಲ್ಲೇ ಕಂಡಿದ್ದರು. ಮಕ್ಕಳ ಕರುಳಿನಲ್ಲಿ ಅದರದ್ದೇ ಜಾತಿಯದನ್ನು ರೂತ್ ಬಿಷಪ್ ಮತ್ತು ಅವರ ಜೊತೆಯವರು ಆಸ್ಟ್ರೇಲಿಯಾದಲ್ಲಿ ಕಂಡದ್ದು 1973ರಲ್ಲಿ. ಕರು ಮೊದಲು, ಮಗು ಆಮೇಲೆ. ಬೆಂಗಳೂರಿನಲ್ಲಿ ಹುಟ್ಟಿದ ಕೂಸುಗಳಲ್ಲಿ ಸಿಕ್ಕ ಐ321 ಎಂಬ ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಬಿಡಿಸಿ ನೋಡಿದರು. ಅದರ 11 ವಂಶವಾಹಿ ತುಂಡುಗಳಲ್ಲಿ 9 ದನದ ವೈರಸ್ಸಿನವು. ಆ ಕೂಸುಗಳಿಗೆ ಭೇದಿಯೇ ಆಗಿರಲಿಲ್ಲ. ದೆಹಲಿಯ ಕೂಸುಗಳಲ್ಲಿ ಸಿಕ್ಕ 116ಇ ಎಂಬ ಇನ್ನೊಂದು ತಳಿಯಲ್ಲಿ ಒಂದು ತುಂಡು ದನದ್ದು. ಅದರಿಂದಲೇ ರೋಟಾವ್ಯಾಕ್ ಲಸಿಕೆ ಮಾಡಿದರು. 2016ರಲ್ಲಿ ನಾಲ್ಕು ರಾಜ್ಯಗಳಿಂದ ಶುರುವಾಗಿ ರೋಟಾ ಲಸಿಕೆ ದೇಶಕ್ಕೆಲ್ಲ ಬಂತು. ಒಂದೂವರೆ ತಿಂಗಳಿಗೆ ಕೂಸನ್ನು ಲಸಿಕೆಗೆ ಕರೆತನ್ನಿ ಅಂತ ನಾನು ಬಾಗಿಲು ಬಡಿಯುತ್ತೇನಲ್ಲ, ಆ ಹನಿಗಳ ಹಿಂದೆ ಕೊಟ್ಟಿಗೆಯೂ ಇದೆ! ಇದನ್ನು ನನಗೆ ಹೇಳಿದ್ದರೆ ನಮ್ಮೂರಿನ ಅಜ್ಜಿಯರನ್ನು ಒಪ್ಪಿಸುವುದು ಎಷ್ಟು ಸುಲಭವಿತ್ತು.

ಎಲ್ಲವೂ ಹೀಗೆ ಬಗೆಹರಿದಿಲ್ಲ ಅಂತಲೂ ಗೊತ್ತು. ಎಷ್ಟು ತಿಂದರೂ ಸೊರಗುತ್ತಾ, ತಿಂಗಳುಗಟ್ಟಲೆ ಉಚ್ಚಿಕೊಳ್ಳುವ ದನಗಳಿಗೆ ಕರುಳು ದಪ್ಪವಾಗುವ ಜೋನ್ಸ್ ಕಾಯಿಲೆ ಇರಬಹುದು. ಅದನ್ನು ಜರ್ಮನಿಯಲ್ಲಿ ಗುರುತಿಸಿದ್ದು 1895ರಲ್ಲಿ. ಮನುಷ್ಯರ ಕರುಳಿನ ಒಂದು ಕಾಯಿಲೆ ಅದರ ಹಾಗೇ ಕಾಣುತ್ತದೆ ಅಂತ ಸ್ಕಾಟ್ಲೆಂಡಿನ ಸರ್ಜನ್ ಡಾಲ್ಜೀಲ್ 1913ರಲ್ಲಿ ಬರೆದರು. ಈಗ ಅದನ್ನು ಕ್ರೋನ್ಸ್ ಅನ್ನುತ್ತಾರೆ. ಎರಡಕ್ಕೂ ನಂಟಿದೆಯೋ ಇಲ್ಲವೋ ಅಂತ ನೂರು ವರ್ಷ ಕಳೆದರೂ ನೀವು ಚರ್ಚೆ ಮಾಡುತ್ತಿದ್ದೀರಿ. ಮಾಡಿ. 'ಇನ್ನೂ ಗೊತ್ತಾಗಿಲ್ಲ' ಅನ್ನುವುದೂ ಉತ್ತರವೇ, ಅದನ್ನಾದರೂ ಬಂದು ಹೇಳಬಹುದು.

ಯಾವ ಕ್ರಿಮಿ ಅಂತ ಗೊತ್ತಾದರೆ ಏನು ಪ್ರಯೋಜನ ಅಂತ ಕೆಲವರು ಕೇಳಬಹುದು. ರೋಟಾ ಆಗಿದ್ದರೆ ನಾನು ಅರೆದು ಹಾಕಿದ ಆಂಟಿಬಯೋಟಿಕ್ ಸುಮ್ನೆ ದಂಡ. ದಂಡ ಮಾತ್ರ ಅಲ್ಲ, ಕರುಳಿನಲ್ಲಿರುವ ಬೇರೆ ಕ್ರಿಮಿಗಳಿಗೆ ಆ ಔಷಧಿ ರೂಢಿಯಾಗಿ ನಾಟದಂತಾಗುತ್ತದೆ, ಆ ಕ್ರಿಮಿಗಳು ಶೆಗಣಿಯ ಜೊತೆ ಗದ್ದೆಗೆ, ಹಳ್ಳಕ್ಕೆ ಇಳಿಯುತ್ತವೆ. ಮನುಷ್ಯರಿಗೆ ಕೊನೆಯ ಆಸರೆಯಾಗಿರುವ ಕೋಲಿಸ್ಟಿನ್ ಔಷಧಿಯನ್ನು ಸಾಕುಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧ ಹಾಕಿದ್ದು ಇದೇ ಭಯಕ್ಕೆ. ಇನ್ನೊಂದು, ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಕ್ರಿಮಿ. ಎಳೆಗರುಗಳಲ್ಲಿ ಹೆಚ್ಚು, ಮಕ್ಕಳಿಗೂ ದಾಟುತ್ತದೆ. ಬ್ಲೀಚಿಂಗ್ ಪುಡಿಗೆ ಅದು ಸಾಯುವುದಿಲ್ಲ, ನೀರು ಕುದಿಸಿದರೆ ಸಾಯುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ಊರಿನ ನಲ್ಲಿ ನೀರಿನಲ್ಲಿ ಇದು ಸೇರಿ ಸುಮಾರು 4 ಲಕ್ಷ ಜನಕ್ಕೆ ಭೇದಿಯಾಯಿತು. ನಾನು ಮಳೆಗಾಲದಲ್ಲಿ ಬಾವಿಗಳಿಗೆ ಬ್ಲೀಚಿಂಗ್ ಹಾಕಿ ಬಂದು ನಿಶ್ಚಿಂತೆಯಿಂದ ಮಲಗುವವಳು. ನಮ್ಮ ಅಬ್ಬಿಯಲ್ಲಿ ಅದು ಇದೆಯಾ? ನೀವು ಒಯ್ದ ಡಬ್ಬಿಗೆ ಗೊತ್ತು.

ಇದು ಘಟ್ಟದ ಮೇಲಿನವರ ಸಂಕಟ ಮಾತ್ರ ಅಂತ ತಿಳಿಯಬೇಡಿ. ಶಿರಸಿಯ ಹತ್ತಿರ ಹುಟ್ಟಿದ ಅಘನಾಶಿನಿ ಕುಮಟಾ ಕಡೆ ಹೋಗಿ ಸಮುದ್ರ ಸೇರುತ್ತದೆ. ನಾವು ಇಲ್ಲಿ ಕೊಟ್ಟಿಗೆ ತೊಳೆದ ನೀರು ಅಲ್ಲಿಗೂ ಹೋಗುತ್ತದೆ. ಅಂಕೋಲಾ ಕಡೆಯ ಆಶಾ ಗೆಳತಿಯೊಬ್ಬಳು 2019ರ ಗಂಗಾವಳಿ ನೆರೆಯ ಬಗ್ಗೆ ಹೇಳುತ್ತಿರುತ್ತಾಳೆ. ನೀರು ಇಳಿದಾಗ ಗೊಬ್ಬರಗುಂಡಿ ಯಾವುದು, ಬಾವಿ ಯಾವುದು ಅಂತ ಬೇರೆ ಮಾಡಲು ಬರುತ್ತಿರಲಿಲ್ಲವಂತೆ.

ಎರಡು ಇಲಾಖೆ ಜೊತೆಗೆ ಕೆಲಸ ಮಾಡಲು ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ. ಮಂಗನ ಕಾಯಿಲೆಗೆ ಮಾಡುತ್ತೀರಲ್ಲ? 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಕಂಡಾಗಿನಿಂದ ಮಂಗ ಸಾಯುವುದನ್ನೇ ಮುನ್ಸೂಚನೆ ಅಂತ ಹಿಡಿದಿದ್ದೀರಿ. ಈಗಲೂ ಕಾಡಿನಲ್ಲಿ ಮಂಗ ಸತ್ತರೆ ನಾನು ಫೋನ್ ಮಾಡುತ್ತೇನೆ. ಆರೋಗ್ಯದವರು, ಪಶುಪಾಲನೆಯವರು, ಅರಣ್ಯದವರು ಮೂವರೂ ಬರುತ್ತಾರೆ. ಆ ಕಾಯಿಲೆ ಹರಡುವ ಉಣುಗು ಹತ್ತದಂತೆ ಎಣ್ಣೆ ಹಂಚುತ್ತೇವೆ. ಮಂಗಕ್ಕೆ ಸಿಕ್ಕುವ ಮರ್ಯಾದೆ ಕೊಟ್ಟಿಗೆಯ ಕರುವಿಗೂ ಸಿಗಲಿ ಅಂತ ಕೇಳಿದರೆ ತಪ್ಪಾ?

ನಾನು ಕೇಳುವುದು ಇಷ್ಟು. ಮಾದರಿ ಒಯ್ದವರು ಆರು ತಿಂಗಳಿಗಾಗಲಿ, ವರ್ಷಕ್ಕಾಗಲಿ ಅದೇ ಊರಿಗೆ ಬಂದು, ಗ್ರಾಮಸಭೆಯಲ್ಲಿ ನಿಂತು, ಕನ್ನಡದಲ್ಲಿ ಏನು ಸಿಕ್ಕಿತು ಅಂತ ಹೇಳಬೇಕು. ಏನೂ ಸಿಗದಿದ್ದರೆ ಅದನ್ನೂ ಹೇಳಬೇಕು. ಸಹಿ ಹಾಕಿಸುವ ಕಾಗದ ಕನ್ನಡದಲ್ಲಿರಲಿ, ಅದರಲ್ಲಿ ಈ ಮಾತೂ ಒಂದು ಸಾಲಾಗಿ ಇರಲಿ. ಸಂಶೋಧನೆಗೆ ದುಡ್ಡು ಕೊಡುವವರು ಇದನ್ನು ಷರತ್ತು ಮಾಡಿದರೆ ತನ್ನಿಂದ ತಾನೇ ಆಗುತ್ತದೆ. ಘಟ್ಟದ ಮೇಲೊಂದು, ಕರಾವಳಿಯಲ್ಲೊಂದು ಜಾಗದಲ್ಲಿ ಕರುವಿನ ಶೆಗಣಿಯನ್ನೂ ಮಗುವಿನ ಮಲವನ್ನೂ ಒಟ್ಟಿಗೆ ಪರೀಕ್ಷೆ ಮಾಡುವ ವ್ಯವಸ್ಥೆ ಮಳೆಗಾಲದ ನಾಲ್ಕು ತಿಂಗಳಾದರೂ ಇರಲಿ. ಕರುವಿನ ಭೇದಿಗೆ ಕಾರಣವಾಗುವ ರೋಟಾ, ದನಗಳ ಕೊರೋನಾ, ಇ-ಕೋಲಿ, ಕ್ರಿಪ್ಟೋ ಈ ನಾಲ್ಕು ಕ್ರಿಮಿಗಳನ್ನೂ ಕೊಟ್ಟಿಗೆಯಲ್ಲೇ ನಿಮಿಷಗಳಲ್ಲಿ ತೋರಿಸುವ ಪಟ್ಟಿಗಳು ಇವೆಯಂತೆ, ಬಸಿರು ಪರೀಕ್ಷೆಯ ಪಟ್ಟಿಯ ಹಾಗೆ. ಅವನ್ನು ದನದ ಡಾಕ್ಟರ ಚೀಲಕ್ಕೆ ಹಾಕಿಕೊಡಿ. ವರ್ಷಕ್ಕೊಂದು ದಿನ ಆಶಾಗಳನ್ನೂ, ಊರಲ್ಲಿ ದನಕರುಗಳ ಆರೋಗ್ಯ ನೋಡುವ ಪಶು ಸಖಿಯರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ತರಬೇತಿ ಕೊಡಿ. ಊಟದ ಖರ್ಚೂ ಉಳಿಯುತ್ತದೆ. ಮತ್ತೆ, ನನ್ನ ವರದಿಯ ಹಾಳೆಯಲ್ಲಿ ಒಂದು ಕಾಲಮ್. 'ಅದೇ ವಾರ ಮನೆಯ ಕರುವಿಗೆ ಭೇದಿ ಇತ್ತೇ?' ಹೌದು, ಇಲ್ಲ. ಅದನ್ನು ತುಂಬಲು ನನಗೆ ಹೆಚ್ಚಿನ ಭತ್ಯೆ ಬೇಡ.

ಗೌರಿಗೆ ಈಗ ಎಂಟು ತಿಂಗಳು. ಮಳೆ ಹಿಡಿಯುವ ಹೊತ್ತಿಗೆ ಕರು ಹಾಕುತ್ತಾಳೆ. ನೀವು ಯಾರಾದರೂ ಬರುವುದಾದರೆ ಅಷ್ಟರಲ್ಲಿ ಬನ್ನಿ, 14 ಮನೆಯವರನ್ನೂ ನಾನೇ ಸೇರಿಸುತ್ತೇನೆ. ಚಹಾ, ಅವಲಕ್ಕಿ ಸಿಗುತ್ತದೆ. ಗಿಣ್ಣು ಮಾತ್ರ ಈ ಸಲ ಕೇಳಬೇಡಿ.

ತಮ್ಮ ವಿಶ್ವಾಸಿ,
ಒಬ್ಬ ಆಶಾ ಕಾರ್ಯಕರ್ತೆ
ಶಿರಸಿ ತಾಲೂಕು, ಉತ್ತರ ಕನ್ನಡ